ಮೊದಲ ಹೂವಿಗೆ ಹತ್ತು ವರ್ಷ

ಮೇ ತಿಂಗಳ ಮೊದಲ ವಾರಗಳಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಮೇಪಲ್ ಕಾಡಿಗೆ ಹೋದರೆ ನೆಲವೇ ಬೆಳ್ಳಗೆ ಕಾಣುತ್ತದೆ. ಹಿಮ ಕರಗಿ ಹೆಚ್ಚು ದಿನ ಆಗಿರುವುದಿಲ್ಲ. ಮರಗಳು ಇನ್ನೂ ಚಿಗುರುವ ತಯಾರಿಯಲ್ಲಿರುತ್ತವೆ. ಬೋಳು ಕೊಂಬೆಗಳ ನಡುವಿನಿಂದ ಬಿಸಿಲು ನೇರವಾಗಿ ತರಗೆಲೆಯ ಮೇಲೆ ಬೀಳುತ್ತದೆ. ಆ ಬಿಸಿಲಿಗೆ ಮೊಣಕಾಲೆತ್ತರವೂ ಇಲ್ಲದ ಗಿಡಗಳು ಸಾವಿರಗಟ್ಟಲೆ ಎದ್ದು, ಒಂದೊಂದು ದಂಟಿನ ತುದಿಯಲ್ಲಿ ಒಂದೊಂದೇ ಹೂವು ಹೊತ್ತು ನಿಂತಿರುತ್ತವೆ. ಇದು ಟ್ರಿಲಿಯಂ ಗ್ರಾಂಡಿಫ್ಲೋರಂ, ಅಲ್ಲಿನ ಜನ ಬಿಳಿ ಟ್ರಿಲಿಯಂ ಎಂದು ಕರೆಯುವ ಹೂವು.

ಇಷ್ಟೊಂದು ಹೂವು ಒಟ್ಟಿಗೆ ಕಂಡರೆ ಕಾಡಿಗೆ ಇದು ಸುಲಭದ ಕೆಲಸ, ವರ್ಷವರ್ಷವೂ ತಾನಾಗಿ ಆಗುವಂಥದ್ದು ಅನ್ನಿಸುತ್ತದೆ. ಹಾಗಿಲ್ಲ. ಆ ನೆಲದಲ್ಲಿ ಅರಳಿರುವ ಗಿಡಗಳಲ್ಲಿ ಕಳೆದ ವರ್ಷ ಹುಟ್ಟಿದ್ದು ಒಂದೂ ಇಲ್ಲ, ಮೂರು ವರ್ಷದ ಹಿಂದೆ ಹುಟ್ಟಿದ್ದೂ ಇಲ್ಲ. ಬೀಜ ನೆಲಕ್ಕೆ ಬಿದ್ದ ದಿನದಿಂದ ಮೊದಲ ಹೂವಿನವರೆಗೆ ಈ ಗಿಡಕ್ಕೆ ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ ಬೇಕು. ನೆರಳು ಹೆಚ್ಚಿದ್ದರೆ, ಮಣ್ಣು ಬಡವಾಗಿದ್ದರೆ ಇನ್ನೂ ಹೆಚ್ಚು. ಹೂವರಳಿದ ಮೇಲೆ ಗಿಡ ಮತ್ತೆ ಹಲವು ದಶಕ ಬದುಕುತ್ತದೆ. ನಾವು ನೋಡುತ್ತಿರುವುದು ಒಂದು ವಸಂತದ ಸಂಭ್ರಮ ಎನ್ನುವುದು ಅರ್ಧ ಮಾತ್ರ ನಿಜ. ಅದು ಹಿಂದಿನ ಅನೇಕ ವರ್ಷಗಳ ಕೂಡಿಟ್ಟ ಗಂಟು. ಈ ನಿಧಾನವನ್ನು ಅರಿಯದೆ ಟ್ರಿಲಿಯಂ ಬಗ್ಗೆ ಬೇರೆ ಏನು ತಿಳಿದರೂ ಅದು ಬರೀ ಹೆಸರು ತಿಳಿದಂತೆ.

ಗಿಡದ ರೂಪ ಸರಳ. ಮೂರು ಎಲೆ, ಮೂರು ಹಸಿರು ಹೊರದಳ, ಮೂರು ಬಣ್ಣದ ಎಸಳು, ಮೂರು ಮೂರರಂತೆ ಎರಡು ಸುತ್ತು ಕೇಸರ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಈ ಕುಲಕ್ಕೆ ಹೆಸರಿಟ್ಟಾಗ ಅದರಲ್ಲಿ ಸೇರಿಸಿದ ಪ್ರಭೇದಗಳೂ ಮೂರೇ. ಈಗ ಸುಮಾರು ಐವತ್ತು ಪ್ರಭೇದ ಗೊತ್ತಿವೆ. ಬಹುಪಾಲು ಉತ್ತರ ಅಮೆರಿಕದವು. ಅದರಲ್ಲೂ ಅಪಲೇಶಿಯನ್ ಬೆಟ್ಟಸಾಲಿನ ದಕ್ಷಿಣ ಭಾಗ ಇವುಗಳ ತವರು. ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನವೊಂದರಲ್ಲೇ ಹತ್ತು ಪ್ರಭೇದ ಇವೆ. ಉಳಿದವು ಜಪಾನ್, ಚೀನಾ, ರಷ್ಯಾದ ಪೂರ್ವ ತುದಿ ಮತ್ತು ನಮ್ಮ ಹಿಮಾಲಯದಲ್ಲಿ. ಹಿಂದೆ ಇವನ್ನು ಲಿಲ್ಲಿಗಳ ಕುಟುಂಬಕ್ಕೆ ಸೇರಿಸುತ್ತಿದ್ದರು, ಈಗ ಮೆಲಾಂತಿಯೇಸಿ ಎಂಬ ಕುಟುಂಬಕ್ಕೆ ಸೇರಿಸಿದ್ದಾರೆ. ನಮ್ಮ ಬೇಲಿಗಳಲ್ಲಿ ಗೌರಿ ಹಬ್ಬದ ಹೊತ್ತಿಗೆ ಕೆಂಪು ಹಳದಿ ಜ್ವಾಲೆಯಂತೆ ಅರಳುವ ಗೌರಿ ಹೂವು ಬೇರೆ ಕುಟುಂಬದ್ದು, ಆದರೆ ಲಿಲಿಯೇಲ್ಸ್ ಎಂಬ ಅದೇ ಗಣದ್ದು. ಆ ದೂರದ ನೆಂಟಸ್ತಿಕೆಯ ಮಾತಿಗೆ ಮುಂದೆ ಬರುತ್ತೇನೆ.

ಎಲ್ಲ ಟ್ರಿಲಿಯಂಗಳೂ ಬೆಳ್ಳಗಿಲ್ಲ. ಹಳದಿ, ಕಡುಗೆಂಪು, ಹಸಿರು ಮಿಶ್ರಿತ ಕಂದು ಬಣ್ಣದವೂ ಇವೆ. ಕೆಲವಕ್ಕೆ ಹೂವಿನ ತೊಟ್ಟೇ ಇಲ್ಲ, ಎಲೆಗಳ ನಡುವೆ ನೇರವಾಗಿ ಕೂತಿರುತ್ತದೆ. ಅಂಥವುಗಳ ಎಲೆಯ ಮೇಲೆ ಚಿರತೆಯ ಮೈಯಂತೆ ಮಚ್ಚೆ ಇರುವುದು ಹೆಚ್ಚು. ಬಿಳಿ ಟ್ರಿಲಿಯಂ ದುಂಬಿ, ಜೇನುಗಳನ್ನು ಕರೆಯುತ್ತದೆ, ಹಳತಾದಂತೆ ಅದರ ಎಸಳು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕೆಂಪು ಟ್ರಿಲಿಯಂ, ಅಂದರೆ ಟ್ರಿಲಿಯಂ ಎರೆಕ್ಟಂ, ಕರೆಯುವುದು ನೊಣಗಳನ್ನು. ಅದರ ವಾಸನೆ ಕೊಳೆತ ಮಾಂಸದ್ದು. ಅಮೆರಿಕದ ಮೂಲನಿವಾಸಿಗಳು ಹೆರಿಗೆಯ ಸಮಯದಲ್ಲಿ ಇದರ ಗೆಡ್ಡೆಯನ್ನು ಔಷಧವಾಗಿ ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ವೈದ್ಯರೂ ಅದನ್ನು ಅವರಿಂದ ಕಲಿತು ಬಳಸಿದರು.

ನಾವು ಎಲೆ ಎಂದು ಕರೆಯುವ ಆ ಮೂರು ಹಸಿರು ಹಾಳೆಗಳು ಸಸ್ಯವಿಜ್ಞಾನಿಗಳ ಪ್ರಕಾರ ಹೂಗೊಂಚಲಿಗೆ ಸೇರಿದ ಪುಷ್ಪಪತ್ರಗಳು. ನಿಜವಾದ ಕಾಂಡ ಮಣ್ಣಿನೊಳಗೆ ಅಡ್ಡವಾಗಿ ಮಲಗಿರುವ ಗೆಡ್ಡೆ. ಅದಕ್ಕೆ ಅಂಟಿದ ಬೇರುಗಳು ಸುಕ್ಕುಗಟ್ಟಿ ಕುಗ್ಗುತ್ತ ಗೆಡ್ಡೆಯನ್ನು ವರ್ಷವರ್ಷವೂ ಸ್ವಲ್ಪ ಸ್ವಲ್ಪ ಕೆಳಕ್ಕೆ ಎಳೆಯುತ್ತವೆ. ಚಳಿಗಾಲದಲ್ಲಿ ನೆಲದ ಮೇಲೆ ಗಿಡದ ಗುರುತೇ ಇರುವುದಿಲ್ಲ. ಪ್ರತಿ ವರ್ಷದ ದಂಟು ಉದುರಿದ ಜಾಗದಲ್ಲಿ ಗೆಡ್ಡೆಯ ಮೇಲೆ ಒಂದು ಗಾಯದ ಗುರುತು ಉಳಿಯುತ್ತದೆ. ಮರದ ಉಂಗುರ ಎಣಿಸಿದ ಹಾಗೆ ಸಂಶೋಧಕರು ಈ ಗುರುತುಗಳನ್ನು ಎಣಿಸಿ ಗಿಡದ ವಯಸ್ಸು ಅಂದಾಜು ಮಾಡುತ್ತಾರೆ.

ಬೀಜದ ಕಥೆ ಇನ್ನೂ ನಿಧಾನದ್ದು. ಬೇಸಿಗೆಯಲ್ಲಿ ಹಣ್ಣು ಒಡೆದು ಬೀಜ ನೆಲಕ್ಕೆ ಸೇರುತ್ತದೆ. ಮೊದಲ ಚಳಿಗಾಲ ಕಳೆದು ನೆಲ ಬಿಸಿಯಾದಾಗ ಬೀಜದಿಂದ ಬೇರು ಮಾತ್ರ ಹೊರಬರುತ್ತದೆ. ಚಿಗುರಿಗೆ ಇನ್ನೊಂದು ಚಳಿಗಾಲ ಬೇಕು. ಎರಡನೆಯ ಹಿಮ ಕರಗಿದ ಮೇಲೆ ಹುಲ್ಲಿನ ಎಸಳಿನಂಥ ಒಂದು ಬೀಜದಳ ತಲೆ ಎತ್ತುತ್ತದೆ. ಮರುವರ್ಷ ಒಂದು ನಿಜವಾದ ಎಲೆ. ಆಮೇಲೆ ವರ್ಷಗಟ್ಟಲೆ ಒಂದೇ ಎಲೆ, ಪ್ರತಿ ವಸಂತದಲ್ಲೂ ಹಿಂದಿನದಕ್ಕಿಂತ ತುಸು ಅಗಲವಾಗಿ. ಗೆಡ್ಡೆಯಲ್ಲಿ ಸಾಕಷ್ಟು ಹಿಟ್ಟು ಸೇರಿದ ಮೇಲೆ ಒಂದು ವಸಂತದಲ್ಲಿ ಮೂರೆಲೆ ಮೂಡುತ್ತವೆ, ಹೂವಿಲ್ಲದೆ. ಹಾಗೆ ಇನ್ನೂ ಕೆಲವು ವರ್ಷ. ಹೂವು ಆಮೇಲೆ. ಕಾಡಿನಲ್ಲಿ ಮೂರೆಲೆಯ ಗಿಡಗಳ ನಡುವೆ ಒಂದೆಲೆಯ ಮರಿಗಳನ್ನು ಹುಡುಕುವುದು ಅಲ್ಲಿನ ಸಸ್ಯಪ್ರಿಯರ ಅಭ್ಯಾಸ. ಅವು ಕಂಡರೆ ಆ ಕಾಡಿಗೆ ಮುಂದಿನ ತಲೆಮಾರು ಇದೆ ಎಂದು ಅರ್ಥ. ಹೂವು ಎಷ್ಟೇ ಇದ್ದರೂ ಮರಿಗಳೇ ಕಾಣದಿದ್ದರೆ ಆ ಕಾಡು ಮುದಿಯಾಗುತ್ತಿದೆ.

ಇಷ್ಟು ತಡವಾಗುವುದಕ್ಕೆ ಕಾರಣ ಬೆಳಕು. ಎಲೆ ಉದುರಿಸುವ ಮರಗಳ ಕೆಳಗೆ ಬದುಕುವ ಗಿಡಕ್ಕೆ ಪೂರ್ತಿ ಬಿಸಿಲು ಸಿಗುವುದು ಹಿಮ ಕರಗಿದ ದಿನದಿಂದ ಮರ ಎಲೆ ಬಿಚ್ಚುವವರೆಗಿನ ಕೆಲವೇ ವಾರ. ವರ್ಷದ ಆದಾಯದ ದೊಡ್ಡ ಪಾಲು ಅಷ್ಟರಲ್ಲಿ ಬರಬೇಕು. ಟ್ರಿಲಿಯಂ ಎಲೆಗಳು ಬೇಸಿಗೆಯಲ್ಲೂ ಉಳಿಯುತ್ತವೆ, ಆದರೆ ನೆರಳಿನಲ್ಲಿ ಅವಕ್ಕೆ ದುಡಿಮೆ ಕಡಿಮೆ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ 1850ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನ ಸುತ್ತ ಯಾವ ಮರ ಯಾವ ದಿನ ಎಲೆ ಬಿಟ್ಟಿತು, ಯಾವ ಗಿಡ ಯಾವಾಗ ಚಿಗುರಿತು ಎಂದು ಬರೆದಿಟ್ಟಿದ್ದ. ಆ ಟಿಪ್ಪಣಿಗಳನ್ನು ಈಗಿನ ದಾಖಲೆಗಳ ಜೊತೆ ಹೋಲಿಸಿ ಮೇಸನ್ ಹೆಬರ್ಲಿಂಗ್ ಮತ್ತು ಸಂಗಡಿಗರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಸಂತ ಬಿಸಿಯಾದಂತೆ ಮರಗಳು ಈಗ ಸುಮಾರು ಎರಡು ವಾರ ಮೊದಲೇ ಎಲೆ ಬಿಡುತ್ತಿವೆ, ನೆಲದ ಹೂಗಿಡಗಳು ಸುಮಾರು ಒಂದು ವಾರ ಮೊದಲು. ಮರಗಳು ಮುಂದೆ ಓಡಿವೆ. ನಡುವಿನ ಬಿಸಿಲಿನ ಕಿಟಕಿ ಅಷ್ಟು ಕಿರಿದಾಗಿದೆ. ಮೊದಲೇ ಕೂಡಿಟ್ಟು ಬದುಕುವ ಗಿಡಕ್ಕೆ ಒಂದು ವಾರದ ಬಿಸಿಲು ಸಣ್ಣ ನಷ್ಟವಲ್ಲ.

ಇನ್ನು ಬೀಜ ಊರು ಬಿಟ್ಟು ಊರಿಗೆ ಹೋಗುವ ಬಗೆ. ನನ್ನ ಮಟ್ಟಿಗೆ ಟ್ರಿಲಿಯಂ ಕಥೆಯ ಅತ್ಯಂತ ಸೊಗಸಾದ ಭಾಗ ಇದು. ಹರಳುಬೀಜವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ತುದಿಯಲ್ಲಿ ಅಂಟಿದ ಮೆತ್ತನೆಯ ಬಿಳಿ ಗಂಟು ಗೊತ್ತಿರುತ್ತದೆ. ಅದು ಇರುವೆಗೆಂದೇ ಇಟ್ಟ ಬುತ್ತಿ. ಟ್ರಿಲಿಯಂ ಬೀಜಕ್ಕೂ ಅಂಥದೇ ಕೊಬ್ಬಿನ ತುಣುಕು ಅಂಟಿಕೊಂಡಿರುತ್ತದೆ. ಅದರಲ್ಲಿರುವ ಕೊಬ್ಬಿನ ರಾಸಾಯನಿಕ ಸತ್ತ ಕೀಟದ ಮೈಯ ವಾಸನೆಯಂತೆ ಇರುವೆಗೆ ತೋರುತ್ತದೆ. ಅಫೀನೋಗ್ಯಾಸ್ಟರ್ ಕುಲದ ಸಣ್ಣ ಇರುವೆಗಳು ಬೀಜವನ್ನು ಎಳೆದುಕೊಂಡು ಗೂಡಿಗೆ ಒಯ್ಯುತ್ತವೆ, ಆ ತುಣುಕನ್ನು ಮರಿಗಳಿಗೆ ತಿನ್ನಿಸುತ್ತವೆ, ಗಟ್ಟಿ ಬೀಜವನ್ನು ಕಸದ ಗುಂಡಿಗೆ ಎಸೆಯುತ್ತವೆ. ಆ ಗುಂಡಿ ಗೊಬ್ಬರದ ಗುಂಡಿಯೂ ಹೌದು. ಇಲಿಗಳ ಕಣ್ಣಿಗೆ ಬೀಳದೆ, ಸಡಿಲ ಮಣ್ಣಿನಲ್ಲಿ, ತಾಯಿಗಿಡದ ನೆರಳಿಂದ ತುಸು ದೂರದಲ್ಲಿ ಬೀಜಕ್ಕೆ ನೆಲೆ ಸಿಗುತ್ತದೆ. ಇರುವೆಗಳ ಜೊತೆಗೆ ಹಳದಿ ಪಟ್ಟೆಯ ಕಣಜಗಳೂ ಟ್ರಿಲಿಯಂ ಬೀಜ ಕಚ್ಚಿಕೊಂಡು ಹಾರುವುದನ್ನು 1990ರ ದಶಕದಲ್ಲಿ ಗುರುತಿಸಿದರು.

ಇರುವೆ ಬೀಜವನ್ನು ಎಷ್ಟು ದೂರ ಒಯ್ದೀತು? ಒಂದೆರಡು ಮೀಟರು, ಅಪರೂಪಕ್ಕೆ ಹತ್ತು ಮೀಟರು. ಇಲ್ಲಿ ಒಂದು ದೊಡ್ಡ ತೊಡಕು ಎದ್ದಿತು. ಕಳೆದ ಹಿಮಯುಗದಲ್ಲಿ ಈಗಿನ ಒಂಟಾರಿಯೊ, ನ್ಯೂಯಾರ್ಕ್ ರಾಜ್ಯ ಎಲ್ಲವೂ ಮಂಜಿನ ದಪ್ಪ ಹಾಸಿನ ಕೆಳಗಿದ್ದವು. ಅಲ್ಲಿನ ಕಾಡುಗಿಡಗಳೆಲ್ಲ ದಕ್ಷಿಣದಲ್ಲಿ ಉಳಿದಿದ್ದವು. ಮಂಜು ಕರಗಿದ ಮೇಲೆ ಅವು ಉತ್ತರಕ್ಕೆ ನೂರಾರು ಕಿಲೋಮೀಟರು ಬಂದು ನೆಲೆಸಿವೆ. ಹತ್ತು ವರ್ಷಕ್ಕೆ ಒಂದು ತಲೆಮಾರು, ತಲೆಮಾರಿಗೆ ಹತ್ತು ಮೀಟರು ಎಂದು ಲೆಕ್ಕ ಹಾಕಿದರೆ ಅವು ಇನ್ನೂ ದಾರಿಯಲ್ಲೇ ಇರಬೇಕಿತ್ತು. ಇರುವೆಗಳೇ ಬೀಜ ಒಯ್ಯುವ ಇನ್ನೊಂದು ಗಿಡ, ಕೆನಡಾದ ಕಾಡುಶುಂಠಿಯ ಮೇಲೆ ಮೈಕೆಲ್ ಕೇನ್ ಮತ್ತು ಸಂಗಡಿಗರು 1998ರಲ್ಲಿ ಈ ಲೆಕ್ಕ ಮಾಡಿದರು. ಹದಿನಾರು ಸಾವಿರ ವರ್ಷದಲ್ಲಿ ಅದು ಸಾಗಬಹುದಾದದ್ದು ಹತ್ತು ಹನ್ನೊಂದು ಕಿಲೋಮೀಟರು. ನಿಜವಾಗಿ ಸಾಗಿದ್ದು ನೂರಾರು. ಯಾರೋ ಹೊತ್ತು ತಂದಿರಬೇಕು.

ಉತ್ತರದ ಒಂದು ಭಾಗ ಸಿಕ್ಕಿದ್ದು ಸಗಣಿಯಲ್ಲಿ. ಮಾರ್ಕ್ ವೆಲ್ಲೆಂಡ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದ ಇಥಾಕಾ ಸುತ್ತ ಬಿಳಿಬಾಲದ ಜಿಂಕೆಗಳ ಹಿಕ್ಕೆಯಲ್ಲಿ ಟ್ರಿಲಿಯಂ ಬೀಜಗಳಿರುವುದನ್ನು ಕಂಡರು. ಜಿಂಕೆ ಹಣ್ಣಿನ ಸಮೇತ ಗಿಡವನ್ನು ಮೇಯುತ್ತದೆ, ಬೀಜಗಳಲ್ಲಿ ಕೆಲವು ಹೊಟ್ಟೆಯೊಳಗೆ ಸಾಯದೆ ಹೊರಬರುತ್ತವೆ. ಜಿಂಕೆಯ ಓಡಾಟ ಮತ್ತು ಬೀಜ ಹೊಟ್ಟೆಯಲ್ಲಿ ಉಳಿಯುವ ಸಮಯ ಎರಡನ್ನೂ ಸೇರಿಸಿ 2003ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಬೀಜ ಮೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಇರುವೆ ನೂರು ಸಲ ಮಾಡುವ ಸಣ್ಣ ಕೆಲಸದ ನಡುವೆ ಜಿಂಕೆ ಒಮ್ಮೆ ಮಾಡುವ ದೊಡ್ಡ ಜಿಗಿತ. ಮಂಜಿನ ಹಿಂದೆ ಹಿಂದೆ ಟ್ರಿಲಿಯಂ ಉತ್ತರಕ್ಕೆ ಬಂದದ್ದರಲ್ಲಿ ಇದರ ಪಾಲು ಇರಬೇಕು ಎಂಬುದು ಅವರ ವಾದ, ನನಗೂ ಅದು ಒಪ್ಪಿಗೆಯಾಗುತ್ತದೆ.

ಅದೇ ಜಿಂಕೆ ಈಗ ಟ್ರಿಲಿಯಂಗೆ ಮೃತ್ಯುವಾಗಿದೆ. ಅಮೆರಿಕದ ಪೂರ್ವ ಭಾಗದಲ್ಲಿ ತೋಳ, ಪೂಮಾಗಳನ್ನು ಕೊಂದು ಮುಗಿಸಿದ ಮೇಲೆ, ಕಾಡುಗಳ ನಡುವೆ ಹೊಲ, ಬಡಾವಣೆ ಬಂದ ಮೇಲೆ ಬಿಳಿಬಾಲದ ಜಿಂಕೆ ಮಿತಿಮೀರಿ ಹೆಚ್ಚಿದೆ. ವಸಂತದ ಆರಂಭದಲ್ಲಿ ಹಸಿದ ಜಿಂಕೆಗೆ ಮೊದಲು ಸಿಗುವ ಹಸಿರು ಇದೇ. ಎತ್ತರದ, ದೊಡ್ಡ ಹೂವಿನ ಗಿಡಗಳನ್ನೇ ಅದು ಆರಿಸಿ ಮೇಯುತ್ತದೆ. ಟ್ರಿಲಿಯಂಗೆ ಆ ವರ್ಷ ಎರಡನೆಯ ಸುತ್ತಿನ ಎಲೆ ಬರುವುದಿಲ್ಲ. ಮೂರೆಲೆ ಹೋದವೆಂದರೆ ವರ್ಷದ ದುಡಿಮೆಯೂ ಹೋಯಿತು. ಗೆಡ್ಡೆ ಸೊರಗುತ್ತದೆ, ಮರುವರ್ಷ ಗಿಡ ಕುಳ್ಳಗಾಗಿ ಹೂವಿಲ್ಲದೆ ಏಳುತ್ತದೆ. ಪದೇ ಪದೇ ಹೀಗಾದರೆ ಮತ್ತೆ ಒಂದೆಲೆಯ ಮರಿಯ ಸ್ಥಿತಿಗೆ ಇಳಿಯುತ್ತದೆ, ಕೊನೆಗೆ ಇಲ್ಲವಾಗುತ್ತದೆ. ಇಲಿನಾಯ್ ರಾಜ್ಯದಲ್ಲಿ ರೋಜರ್ ಆಂಡರ್ಸನ್ ಎಂಬ ಸಸ್ಯವಿಜ್ಞಾನಿ 1994ರಲ್ಲಿ ಒಂದು ಸರಳ ಉಪಾಯ ಸೂಚಿಸಿದರು: ಕಾಡಿನಲ್ಲಿ ಜಿಂಕೆ ಎಷ್ಟು ಹೆಚ್ಚಿದೆ ಎಂದು ತಿಳಿಯಬೇಕಾದರೆ ಬಿಳಿ ಟ್ರಿಲಿಯಂಗಳ ಎತ್ತರ ಅಳೆಯಿರಿ. ಗಿಡ ಕುಳ್ಳಾದಷ್ಟೂ ಜಿಂಕೆ ಹೆಚ್ಚು.

ಪಿಟ್ಸ್‌ಬರ್ಗ್ ನಗರದ ಹತ್ತಿರ ಟ್ರಿಲಿಯಂ ಟ್ರೇಲ್ ಎಂಬ ಹೆಸರಿನ ಕಾಡುದಾರಿಯೇ ಇದೆ. ಅಲ್ಲಿ ಸೂಸನ್ ಕಾಲಿಶ್ ಅವರ ತಂಡ ಬೇಲಿ ಹಾಕಿ ಕೆಲವು ಜಾಗಗಳಿಗೆ ಜಿಂಕೆ ಬರದಂತೆ ಮಾಡಿ ವರ್ಷಗಟ್ಟಲೆ ಗಿಡಗಳನ್ನು ಎಣಿಸಿತು. ಯುರೋಪಿನಿಂದ ಬಂದು ಆ ಕಾಡುಗಳಲ್ಲಿ ಕಳೆಯಾಗಿ ಹಬ್ಬಿರುವ ಗಾರ್ಲಿಕ್ ಮಸ್ಟರ್ಡ್ ಎಂಬ ಗಿಡವೂ ಅಲ್ಲಿತ್ತು. ಇದರ ಬೇರು ಬಿಡುವ ರಾಸಾಯನಿಕ ಇತರ ಗಿಡಗಳ ಬೇರಿಗೆ ನೆರವಾಗುವ ಶಿಲೀಂಧ್ರಗಳನ್ನು ಕೊಲ್ಲುತ್ತದೆ, ಜಿಂಕೆ ಅದನ್ನು ಮುಟ್ಟುವುದಿಲ್ಲ. 2014ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಬೇಲಿಯ ಒಳಗೆ ಟ್ರಿಲಿಯಂ ಹೆಚ್ಚಿತು, ಕಳೆ ತಾನಾಗಿ ಇಳಿಯಿತು. ಬೇಲಿಯ ಹೊರಗೆ ಕಳೆ ಬೆಳೆಯಿತು, ಟ್ರಿಲಿಯಂ ಇಳಿಯಿತು. ಕಳೆ ಕಿತ್ತು ಕಾಡು ಉಳಿಸುತ್ತೇವೆ ಎಂದು ಹೊರಡುವ ಸ್ವಯಂಸೇವಕರು ಮೊದಲು ಓದಬೇಕಾದ ಅಧ್ಯಯನ ಅದು.

ಮನುಷ್ಯ ಹೂವು ಕಿತ್ತರೂ ಆಗುವುದು ಅದೇ. ಹೂವಿನ ಕೆಳಗೇ ಎಲೆಗಳಿರುವುದರಿಂದ ಕೀಳುವ ಕೈ ದಂಟಿನ ಸಮೇತ ಮೂರೂ ಎಲೆಯನ್ನು ಒಯ್ಯುತ್ತದೆ. ಒಂಟಾರಿಯೊದಲ್ಲಿ ಟ್ರಿಲಿಯಂ ಕಿತ್ತರೆ ಅಪರಾಧ ಎಂಬ ನಂಬಿಕೆ ತಲೆಮಾರುಗಳಿಂದ ಇದೆ. ಉದ್ಯಾನ, ಸಂರಕ್ಷಿತ ಪ್ರದೇಶಗಳನ್ನು ಬಿಟ್ಟರೆ ಅಂಥ ಕಾನೂನು ಇಲ್ಲ. ಆದರೂ ಮಕ್ಕಳಿಗೆ ಹಾಗೆಂದೇ ಹೇಳಿ ಬೆಳೆಸುತ್ತಾರೆ, ಹೇಳಿದ್ದು ಒಳ್ಳೆಯದೇ ಆಯಿತು. ಬಿಳಿ ಟ್ರಿಲಿಯಂ 1937ರಿಂದ ಆ ಪ್ರಾಂತ್ಯದ ಅಧಿಕೃತ ಹೂವು. ಆ ಆಯ್ಕೆಯ ಮೂಲ ಮೊದಲನೆಯ ಮಹಾಯುದ್ಧದ ಕಾಲದ್ದು: ಹೊರದೇಶದಲ್ಲಿ ಸತ್ತ ಕೆನಡಾದ ಸೈನಿಕರ ಸಮಾಧಿಯ ಮೇಲೆ ನೆಡಲು ಒಂದು ಹೂವು ಬೇಕು ಎಂಬ ಚರ್ಚೆ ಹುಟ್ಟಿತ್ತು. ಈಗ ಪ್ರಾಂತ್ಯದ ಲಾಂಛನದಲ್ಲಿ ಅದಿದೆ, 1975ರಲ್ಲಿ ಮೊದಲು ಹಾರಿದ ಫ್ರೆಂಚ್ ಭಾಷಿಕರ ಹಸಿರು ಬಿಳಿ ಬಾವುಟದಲ್ಲಿದೆ, ಟೊರಾಂಟೊ ಬಂದರಿನಲ್ಲಿ 1910ರಲ್ಲಿ ನೀರಿಗಿಳಿದ ಹಳೆಯ ಹಡಗಿನ ಹೆಸರಿನಲ್ಲಿದೆ, ಮಿಸಿಸಾಗಾದ ದೊಡ್ಡ ಆಸ್ಪತ್ರೆಯ ಹೆಸರಿನಲ್ಲೂ ಇದೆ. ಟೊರಾಂಟೊ ಸುತ್ತ ನೆಲೆಸಿರುವ ಕನ್ನಡದ ಮನೆಗಳಿಗೆ ಈ ಮೂರೆಸಳಿನ ಗುರುತು ಸರ್ಕಾರಿ ಕಾಗದಪತ್ರದ ಮೂಲಕ ಚೆನ್ನಾಗಿ ಪರಿಚಿತ. ಮೇ ತಿಂಗಳಲ್ಲಿ ಒಂದು ಭಾನುವಾರ ಕಾಡಿಗೆ ಹೋಗಿ ಜೀವಂತ ಗಿಡವನ್ನೂ ನೋಡಿ ಬರಲಿ ಎಂಬುದು ನನ್ನ ಆಸೆ.

ಟ್ರಿಲಿಯಂಗಳದ್ದು ಅಮೆರಿಕದ ಪೂರ್ವದಲ್ಲಿ ಒಂದು ಗುಂಪು, ಏಷ್ಯಾದ ಪೂರ್ವದಲ್ಲಿ ಇನ್ನೊಂದು ಗುಂಪು, ನಡುವೆ ಸಾಗರ. ಒಂದೇ ಕುಲ ಹೀಗೆ ಹಂಚಿಹೋದದ್ದು ಹೇಗೆ? ಹಾರ್ವರ್ಡ್‌ನ ಸಸ್ಯವಿಜ್ಞಾನಿ ಏಸಾ ಗ್ರೇ 1859ರಲ್ಲಿ ಜಪಾನಿನ ಗಿಡಗಳನ್ನು ಪೂರ್ವ ಅಮೆರಿಕದ ಗಿಡಗಳ ಜೊತೆ ಹೋಲಿಸಿ ಬರೆದದ್ದು ಇದೇ ಬಗೆಯ ಒಗಟಿನ ಮೇಲೆ. ಟ್ರಿಲಿಯಂ ಒಂದೇ ಅಲ್ಲ, ಹೀಗೆ ಎರಡು ದಡಗಳಲ್ಲಿ ಹಂಚಿಹೋದ ಕುಲಗಳು ಹತ್ತಾರು. ಒಂದು ಕಾಲದಲ್ಲಿ ಉತ್ತರದ ನೆಲವೆಲ್ಲ ಬೆಚ್ಚಗಿದ್ದು ಕಾಡು ಒಂದೇ ಹರವಿನಲ್ಲಿ ಹಬ್ಬಿತ್ತು, ಚಳಿ ಬಂದು ಅದು ದಕ್ಷಿಣಕ್ಕೆ ಸರಿದು ತುಂಡಾಯಿತು ಎಂದು ಅವರು ವಿವರಿಸಿದರು.

ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಲಾಂಛನ ಟ್ರಿಲಿಯಂ ಹೂವು. ಅಲ್ಲಿ ಈ ಗಿಡದ ಮೇಲೆ ದಶಕಗಳ ಕೆಲಸ ನಡೆದಿದೆ, ಅದಕ್ಕೆ ಒಂದು ಕಾರಣ ಅದರ ವರ್ಣತಂತುಗಳು. ಹೊಕ್ಕೈಡೊದ ಒಂದು ಟ್ರಿಲಿಯಂ ಪ್ರಭೇದಕ್ಕೆ ಇರುವುದು ಐದೇ ಜೋಡಿ, ಆದರೆ ಒಂದೊಂದೂ ದೈತ್ಯ. ಹಳೆಯ ಕಾಲದ ಸೂಕ್ಷ್ಮದರ್ಶಕದಲ್ಲೂ ಸಲೀಸಾಗಿ ಕಾಣುವಷ್ಟು. ಗಿಡವನ್ನು ಕೊರೆಯುವ ಚಳಿಯಲ್ಲಿಟ್ಟರೆ ಈ ವರ್ಣತಂತುಗಳ ಮೇಲೆ ಪಟ್ಟೆಗಳು ಮೂಡುತ್ತವೆ ಎಂದು ಬ್ರಿಟನ್ನಿನ ಡಾರ್ಲಿಂಗ್ಟನ್ ಮತ್ತು ಲಾ ಕೂರ್ 1930ರ ದಶಕದ ಕೊನೆಯಲ್ಲಿ ತೋರಿಸಿದರು. ಬಣ್ಣಹಚ್ಚಿ ಪಟ್ಟೆ ಕಾಣುವ ಈಗಿನ ವಿಧಾನಗಳು ಬರುವುದಕ್ಕೆ ಬಹಳ ಮೊದಲಿನ ಮಾತು ಅದು. ಟ್ರಿಲಿಯಂನ ಹತ್ತಿರದ ನೆಂಟ, ಜಪಾನಿನ ಪ್ಯಾರಿಸ್ ಜಪೋನಿಕಾ ಗಿಡದ ಜೀನೋಮ್ ಮನುಷ್ಯನದ್ದಕ್ಕಿಂತ ಸುಮಾರು ಐವತ್ತು ಪಟ್ಟು ದೊಡ್ಡದು ಎಂದು 2010ರಲ್ಲಿ ಅಳೆದರು. 2024ರಲ್ಲಿ ಒಂದು ಜರೀಗಿಡ ಮೀರಿಸುವವರೆಗೆ ಆ ದಾಖಲೆ ಅದರದೇ ಆಗಿತ್ತು.

ಹೊಕ್ಕೈಡೊದ ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ಕಾಡುತ್ತದೆ. ತೊಕಾಚಿ ಬಯಲಿನ ಕಾಡನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಕಡಿದು ಹೊಲ ಮಾಡಿದರು. ನಡುನಡುವೆ ತುಂಡು ಕಾಡುಗಳು ಉಳಿದವು. ಅವುಗಳಲ್ಲಿ ಟ್ರಿಲಿಯಂ ಇಂದಿಗೂ ಅರಳುತ್ತದೆ. ತೊಮಿಮಾತ್ಸು ಮತ್ತು ಒಹಾರಾ ಅಲ್ಲಿ ಹೋಗಿ ಎಣಿಸಿದಾಗ ತುಂಡು ಸಣ್ಣದಾದಷ್ಟೂ ಬೀಜ ಕಟ್ಟುವುದು ಕಡಿಮೆ, ಕಾಡಿನ ಅಂಚಿನಲ್ಲಿ ಮರಿಗಿಡಗಳೂ ಕಡಿಮೆ ಎಂದು ಕಂಡುಬಂತು. ಹೂವುಗಳು ದೀರ್ಘಾಯುಷಿ ಹಳೆಯ ಗಿಡಗಳವು. ದಾರಿಯಲ್ಲಿ ಹೋಗುವವರ ಕಣ್ಣಿಗೆ ಎಲ್ಲ ಚೆನ್ನಾಗಿಯೇ ಇದೆ. ಗಿಡ ನಿಧಾನವಾಗಿ ಬೆಳೆಯುವಂತೆ ಅದರ ನಾಶವೂ ನಿಧಾನವಾಗಿ ಕಾಣುತ್ತದೆ. ಇಂದು ಆದ ಹಾನಿ ಹತ್ತಿಪ್ಪತ್ತು ವರ್ಷ ಮರೆಯಲ್ಲೇ ಇರಬಹುದು.

ಹಿಮಾಲಯದಲ್ಲಿ ಅಷ್ಟು ಮರೆಯೂ ಉಳಿದಿಲ್ಲ. ಅಲ್ಲಿನ ಟ್ರಿಲಿಯಂಗೆ ಗೋವಾನಿಯಾನಂ ಎಂಬ ಹೆಸರು ಬಂದದ್ದು ಜಾರ್ಜ್ ಗೋವನ್ ಎಂಬ ವೈದ್ಯನಿಂದ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಸಹಾರನ್‌ಪುರದ ಸಸ್ಯೋದ್ಯಾನದ ಮೊದಲ ಸೂಪರಿಂಟೆಂಡೆಂಟ್ ಆಗಿದ್ದವನು. ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳಲ್ಲಿ ಸುಮಾರು ಎರಡೂವರೆ ಸಾವಿರದಿಂದ ನಾಲ್ಕು ಸಾವಿರ ಮೀಟರ್ ಎತ್ತರದ ಫರ್, ಓಕ್ ಮರಗಳ ಕೆಳಗೆ ಇದು ಬೆಳೆಯುತ್ತದೆ. ಒಂಟಾರಿಯೊದ ಹೂವಿನ ಠೀವಿ ಇದಕ್ಕಿಲ್ಲ. ಎಸಳುಗಳು ಸಣಕಲು, ಬಣ್ಣ ಕಂದುನೇರಳೆ, ಹತ್ತಿರ ಬಗ್ಗಿ ನೋಡದಿದ್ದರೆ ಕಣ್ಣು ದಾಟಿಹೋಗುತ್ತದೆ. ಹಣ್ಣಾದಾಗ ಮಾತ್ರ ಕೆಂಪಗೆ ಹೊಳೆಯುತ್ತದೆ. ಹಿಮಾಚಲದ ಜನ ಇದನ್ನು ನಾಗಛತ್ರಿ ಎನ್ನುತ್ತಾರೆ.

ಇದರ ಗೆಡ್ಡೆಯಲ್ಲಿ ಸ್ಟೀರಾಯ್ಡ್ ಬಗೆಯ ಸಪೋನಿನ್‌ಗಳಿವೆ. ಮೈಕೈ ನೋವಿಗೆ, ಉರಿಯೂತಕ್ಕೆ, ಲೈಂಗಿಕ ಶಕ್ತಿಗೆ ಒಳ್ಳೆಯದು ಎಂಬ ಬೇಡಿಕೆಯ ಮೇಲೆ ಕಳೆದ ಕೆಲವು ದಶಕಗಳಲ್ಲಿ ಇದರ ವ್ಯಾಪಾರ ಬೆಳೆಯಿತು. ಬೆಟ್ಟದ ಹಳ್ಳಿಯವರು ಬೇಸಿಗೆ, ಮಳೆಗಾಲದಲ್ಲಿ ಮೇಲಕ್ಕೆ ಹೋಗಿ ಅಗೆಯುತ್ತಾರೆ, ದಲ್ಲಾಳಿ ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ. ಗೆಡ್ಡೆ ಚಿಕ್ಕದು. ಒಣಗಿಸಿದ ಮೇಲೆ ಕಿಲೋ ತೂಗಬೇಕಾದರೆ ನೂರಾರು ಗಿಡ ಬೇಕು. ಬಹಳಷ್ಟನ್ನು ಹಣ್ಣಾಗುವ ಮೊದಲೇ ಅಗೆಯುವುದರಿಂದ ಬೀಜವೂ ಉಳಿಯುವುದಿಲ್ಲ. ಕುಲ್ಲು, ಚಂಬಾ, ಕಾಂಗ್ರಾ, ಶಿಮ್ಲಾ ಕಡೆ ಪೊಲೀಸರು, ಅರಣ್ಯ ಸಿಬ್ಬಂದಿ ಚೀಲಗಟ್ಟಲೆ ನಾಗಛತ್ರಿ ಜಪ್ತಿ ಮಾಡಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಜಪ್ತಿಯಾದ ಒಣಗೆಡ್ಡೆಯನ್ನು ಮರಳಿ ನೆಡಲಾಗದು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಈ ಪ್ರಭೇದ 2020ರಿಂದ ಅಪಾಯದಂಚಿನ ಸಸ್ಯಗಳ ಸಾಲಿನಲ್ಲಿದೆ.

ಅಗೆಯುವವರನ್ನು ಬೈದು ಈ ಮಾತು ಮುಗಿಸುವುದು ನನಗೆ ಇಷ್ಟವಿಲ್ಲ. ಹಿಮ ಬಿದ್ದರೆ ಆರು ತಿಂಗಳು ದುಡಿಮೆ ನಿಲ್ಲುವ ಊರಿನಲ್ಲಿ ಒಂದು ಚೀಲ ಗೆಡ್ಡೆ ಮಗುವಿನ ಶಾಲೆಯ ಫೀಸು. ಅವರಿಗೆ ಸಿಗುವ ಬೆಲೆಯೂ ಸರಪಳಿಯ ಕೊನೆಯಲ್ಲಿ ಕೂತವರಿಗೆ ಸಿಗುವ ಬೆಲೆಯೂ ಒಂದಲ್ಲ. ಬೇರೆ ಬೇಸಾಯ ಮಾಡಲಿ ಎಂದು ಹೇಳುವುದು ಸುಲಭ. ಗೌರಿ ಹೂವಿನ ಮಾತು ಇಲ್ಲಿಗೆ ಬರುತ್ತದೆ. ಅದರ ಬೀಜ, ಗೆಡ್ಡೆಗಳಲ್ಲಿ ಕಾಲ್ಚಿಸಿನ್ ಎಂಬ ಔಷಧ ವಸ್ತುವಿದೆ. ತಮಿಳುನಾಡಿನ ರೈತರು ಅದನ್ನು ಚಪ್ಪರಕ್ಕೆ ಹಬ್ಬಿಸಿ ಹೊಲದ ಬೆಳೆಯಾಗಿ ಬೆಳೆದು ಬೀಜ ಮಾರುತ್ತಾರೆ. ಗೆಡ್ಡೆ ನೆಟ್ಟ ವರ್ಷವೇ ಬಳ್ಳಿ ಹೂಬಿಟ್ಟು ಕಾಯಿ ಕೊಡುತ್ತದೆ, ಗೆಡ್ಡೆ ಅಗೆಯದೆ ಕಾಯಿ ಕೊಯ್ದರೂ ಸಾಕು. ನಾಗಛತ್ರಿಯಲ್ಲಿ ಮಾರಾಟವಾಗುವುದು ಗೆಡ್ಡೆಯೇ, ಅದು ದಪ್ಪವಾಗಲು ವರ್ಷಗಳು ಬೇಕು. ಯಾವ ರೈತ ಅಷ್ಟು ಕಾಲ ಹೊಲ ಖಾಲಿ ಬಿಟ್ಟು ಕಾದಾನು? ಅಮೆರಿಕದ ನರ್ಸರಿಗಳಲ್ಲೂ ಇದೇ ತೊಡಕು. ಬೀಜದಿಂದ ಬೆಳೆಸಿದ ಟ್ರಿಲಿಯಂ ದುಬಾರಿ, ಕಾಡಿನಿಂದ ಅಗೆದು ತಂದದ್ದು ಅಗ್ಗ. ಅಲ್ಲಿ ಅಗ್ಗದ ಬೆಲೆಯೇ ಕಳವಿನ ಗುರುತು ಎಂದು ತಿಳಿದ ತೋಟಗಾರರು ಹೇಳುತ್ತಾರೆ.

ಆದ್ದರಿಂದ ನಾಗಛತ್ರಿಯನ್ನು ಉಳಿಸಿ ಬೆಳೆಸುವ ಖರ್ಚು ಸಾರ್ವಜನಿಕ ಹಣದಿಂದಲೇ ಆಗಬೇಕು, ಅದೂ ಗಿಡದ ಗಡಿಯಾರಕ್ಕೆ ಹೊಂದಿಕೊಂಡು. ಹಣ್ಣು ಕೆಂಪಾಗುವವರೆಗೆ ಅಗೆಯಬಾರದು, ಅಗೆದ ಗೆಡ್ಡೆಯ ಮೊಗ್ಗಿನ ತುದಿಯನ್ನು ಅಲ್ಲೇ ಹೂಳಬೇಕು, ಒಮ್ಮೆ ಅಗೆದ ಜಾಗವನ್ನು ಮತ್ತೆ ದಶಕ ಮುಟ್ಟಬಾರದು ಎಂಬ ಕಟ್ಟುಪಾಡು ಬೇಕು. ಅದನ್ನು ಕಾಯುವ ಹಳ್ಳಿಗೆ ಆ ದಶಕದ ಆದಾಯಕ್ಕೆ ಬೇರೆ ದಾರಿಯೂ ಬೇಕು. ಬೀಜದಿಂದ ಸಸಿ ಎಬ್ಬಿಸುವ ಕೆಲಸಕ್ಕೆ ಸಂಸ್ಥೆಗಳು ಅಲ್ಲೇ ಇವೆ: ಶಿಮ್ಲಾದಲ್ಲಿ ಹಿಮಾಲಯ ಅರಣ್ಯ ಸಂಶೋಧನಾ ಸಂಸ್ಥೆ, ಪಾಲಂಪುರದಲ್ಲಿ ಹಿಮಾಲಯದ ಜೈವಿಕ ಸಂಪನ್ಮೂಲಗಳಿಗೆಂದೇ ಇರುವ ಕೇಂದ್ರದ ಪ್ರಯೋಗಾಲಯ. ಅವಕ್ಕೆ ಬರುವ ಅನುದಾನಗಳ ಅವಧಿ ಮಾತ್ರ ಬದಲಾಗಬೇಕು. ಮೂರು ವರ್ಷದ ಯೋಜನೆ ಮುಗಿದು ವರದಿ ಸಲ್ಲಿಸುವ ಹೊತ್ತಿಗೆ ಬಿತ್ತಿದ ಬೀಜಕ್ಕೆ ಹೆಚ್ಚೆಂದರೆ ಒಂದು ಎಲೆ ಬಂದಿರುತ್ತದೆ.